ಮಿಕ್ಸರ್ ಕೊಳ್ಳುವ ಮುನ್ನ ಅದರ ಬೆನ್ನು ನೋಡಿ

ಡಿಜೆ ಮಿಕ್ಸರ್ ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಅದರ ಮುಖದ ಮೇಲೆ. ಬಣ್ಣದ ಪ್ಯಾಡುಗಳು, ಎಫೆಕ್ಟ್ ಬಟನ್ನುಗಳು, ಕುಣಿಯುವ ದೀಪಗಳು. ಆದರೆ ಮನೆಯಲ್ಲಿ ಎರಡು ಟರ್ನ್‌ಟೇಬಲ್ ಇಟ್ಟುಕೊಂಡು, ಲ್ಯಾಪ್‌ಟಾಪಿನಲ್ಲಿರುವ ಹಾಡುಗಳನ್ನೂ ತಟ್ಟೆ ತಿರುಗಿಸಿಯೇ ನುಡಿಸಬೇಕು ಎನ್ನುವವರು ಮಿಕ್ಸರನ್ನು ತಿರುಗಿಸಿ ಹಿಂಬದಿಯಿಂದ ನೋಡಲು ಶುರುಮಾಡಬೇಕು. ನಿಮ್ಮ ಟರ್ನ್‌ಟೇಬಲ್ಲಿಗೂ ಸಾಫ್ಟ್‌ವೇರಿಗೂ ಅದು ಹೊಂದುತ್ತದೋ ಇಲ್ಲವೋ ಎನ್ನುವುದು ಅಲ್ಲಿನ ಸಾಕೆಟ್ಟುಗಳಲ್ಲೇ ಬಹುಪಾಲು ತಿಳಿದುಬಿಡುತ್ತದೆ. ಮುಂಬದಿಯಲ್ಲಿ ಇಷ್ಟೇ ಗಮನ ಬೇಡುವುದು, ಒಂದು ಚಾನೆಲಿನಿಂದ ಇನ್ನೊಂದಕ್ಕೆ ಶಬ್ದ ದಾಟಿಸುವ ಕ್ರಾಸ್‌ಫೇಡರ್ ಒಂದೇ.

ತಟ್ಟೆಯಲ್ಲಿ ಹಾಡಿಲ್ಲ, ಸಂಕೇತವಿದೆ

ಲ್ಯಾಪ್‌ಟಾಪಿನ ಹಾಡನ್ನು ಹೀಗೆ ತಟ್ಟೆಯಿಂದ ನುಡಿಸುವ ಡಿಜಿಟಲ್ ವಿನೈಲ್ ವ್ಯವಸ್ಥೆಯಲ್ಲಿ ಬಳಸುವ ಟೈಮ್‌ಕೋಡ್ ತಟ್ಟೆಯನ್ನು ಸ್ಪೀಕರಿನಲ್ಲಿ ನೇರವಾಗಿ ಕೇಳಿದರೆ ಕಿವಿ ಕೊರೆಯುವ ಒಂದೇ ಸ್ವರ ಬರುತ್ತದೆ. ಸೆರಾಟೊ ಎಂಬ ಸಾಫ್ಟ್‌ವೇರಿನ ತಟ್ಟೆಯಲ್ಲಿ ಅದು 1,000 ಹರ್ಟ್ಸ್‌ನ ಸ್ವರ. ತಟ್ಟೆಯನ್ನು ಜೋರಾಗಿ ತಿರುಗಿಸಿದರೆ ಸ್ವರ ಏರುತ್ತದೆ, ನಿಧಾನಿಸಿದರೆ ಇಳಿಯುತ್ತದೆ. ಸಾಫ್ಟ್‌ವೇರ್ ವೇಗವನ್ನು ಅಳೆಯುವುದು ಇದರಿಂದ. ಎಡ ಮತ್ತು ಬಲ ಚಾನೆಲ್‌ಗಳ ಅಲೆಗಳು ಕಾಲು ಸುತ್ತಿನಷ್ಟು ಹಿಂದೆ ಮುಂದೆ ಇರುತ್ತವೆ. ಯಾವುದು ಮೊದಲು ಬಂತು ಎಂಬುದರಿಂದ ತಟ್ಟೆ ಮುಂದಕ್ಕೆ ಹೋಗುತ್ತಿದೆಯೋ ಹಿಂದಕ್ಕೋ ಎಂದು ಗೊತ್ತಾಗುತ್ತದೆ. ಸೂಜಿ ಎಲ್ಲಿದೆ ಎಂಬುದನ್ನು ಹೇಳುವ ಅಂಕಿಗಳೂ ಅದೇ ಗೆರೆಯಲ್ಲಿ ಅಡಗಿರುತ್ತವೆ. ಹಾಲೆಂಡಿನಲ್ಲಿ ರೂಪುಗೊಂಡ ಫೈನಲ್ ಸ್ಕ್ರ್ಯಾಚ್ ಈ ವಿಚಾರವನ್ನು ಮೊದಲು ಮಾರುಕಟ್ಟೆಗೆ ತಂದಿತು. 2004ರಲ್ಲಿ ನ್ಯೂಜಿಲೆಂಡಿನ ಸೆರಾಟೊ ಮತ್ತು ಅಮೆರಿಕದ ರೇನ್ ಸೇರಿ ಸ್ಕ್ರ್ಯಾಚ್ ಲೈವ್ ಬಿಡುಗಡೆ ಮಾಡಿದ ಮೇಲೆ ಕ್ಲಬ್ಬುಗಳಲ್ಲಿ ಇದು ಬೇರು ಬಿಟ್ಟಿತು.

ಈ ಸಂಕೇತ ಸೂಜಿಯಿಂದ ಮಿಕ್ಸರಿಗೆ, ಅಲ್ಲಿಂದ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಹೋಗಬೇಕು. ಲ್ಯಾಪ್‌ಟಾಪಿನ ಹಾಡು ಅದೇ ತಂತಿಯಲ್ಲಿ ಮಿಕ್ಸರಿನ ಅದೇ ಚಾನೆಲಿಗೆ ವಾಪಸು ಬರಬೇಕು. ಎರಡು ಡೆಕ್ಕುಗಳಿಗೆ ಎರಡು ಸ್ಟೀರಿಯೋ ಜೋಡಿ ಒಳಗೆ, ಎರಡು ಜೋಡಿ ಹೊರಗೆ. ಅಂದರೆ ಮಿಕ್ಸರಿನೊಳಗಿನ ಸೌಂಡ್ ಕಾರ್ಡಿನಲ್ಲಿ ಕಡಿಮೆಯೆಂದರೆ ನಾಲ್ಕು ಇನ್‌ಪುಟ್, ನಾಲ್ಕು ಔಟ್‌ಪುಟ್ ಇರಬೇಕು. ಇಲ್ಲಿಯೇ ಬಹಳ ಜನ ಹಣ ಕಳೆದುಕೊಳ್ಳುತ್ತಾರೆ. ಯುಎಸ್‌ಬಿ ಕಿಂಡಿ ಇದೆ ಎಂಬ ಒಂದೇ ಕಾರಣಕ್ಕೆ ಕೊಂಡ ಅಗ್ಗದ ಮಿಕ್ಸರಿನಲ್ಲಿ ಆ ಕಿಂಡಿ ಕೊನೆಯ ಮಿಶ್ರಣವನ್ನು ರೆಕಾರ್ಡ್ ಮಾಡಲು ಮಾತ್ರ ಇರುತ್ತದೆ. ಎರಡು ಡೆಕ್ಕುಗಳ ಸಂಕೇತವನ್ನು ಬೇರೆ ಬೇರೆಯಾಗಿ ಅದು ಕಳಿಸಲಾರದು. ಅಂಗಡಿಯವರ ಮಾತಿಗಿಂತ ಕಂಪನಿಯ ಕೈಪಿಡಿಯಲ್ಲಿರುವ ಯುಎಸ್‌ಬಿ ಚಾನೆಲ್‌ಗಳ ಪಟ್ಟಿಯನ್ನು ನಂಬಿ.

ಫೋನೋ ಎಂದರೆ ಫೋನೋನೇ ಆಗಿರಲಿ

ಟರ್ನ್‌ಟೇಬಲ್ಲಿನ ಕಾರ್ಟ್ರಿಜ್ ಹೊರಡಿಸುವ ವಿದ್ಯುತ್ ಕೆಲವೇ ಮಿಲಿವೋಲ್ಟ್. ಸಿಡಿ ಪ್ಲೇಯರ್, ಮೊಬೈಲುಗಳ ಲೈನ್ ಮಟ್ಟ ಅದಕ್ಕಿಂತ ನೂರಾರು ಪಟ್ಟು ಹೆಚ್ಚು. ತಟ್ಟೆ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ. 1950ರ ದಶಕದಿಂದ ಜಗತ್ತೆಲ್ಲ ಬಳಸುವ ಆರ್‌ಐಎಎ ಕರ್ವ್ ಅದು. ಫೋನೋ ಇನ್‌ಪುಟ್ ಈ ಸಣ್ಣ ಸಂಕೇತವನ್ನು ಹಿಗ್ಗಿಸುವುದರ ಜೊತೆಗೆ ಆ ಏರಿಳಿತವನ್ನು ತಿರುಗಿಸಿ ಸರಿಮಾಡುತ್ತದೆ.

ಆದ್ದರಿಂದ ಎಷ್ಟು ಚಾನೆಲ್ ಇವೆ ಎಂದು ಕೇಳುವ ಬದಲು ಎಷ್ಟು ಫೋನೋ ಇನ್‌ಪುಟ್ ಇವೆ ಎಂದು ಕೇಳಿ. ಆರ್‌ಸಿಎ ಸಾಕೆಟ್ಟುಗಳ ಪಕ್ಕದಲ್ಲಿ ಗ್ರೌಂಡ್ ತಂತಿ ಬಿಗಿಯುವ ತಿರುಪು ಇದೆಯೇ ನೋಡಿ. ಟರ್ನ್‌ಟೇಬಲ್ಲಿನ ಗ್ರೌಂಡ್ ತಂತಿ ಸಡಿಲವಾಗಿದ್ದರೆ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ನಿಲ್ಲುವುದಿಲ್ಲ. ಆ ಸದ್ದು ಟೈಮ್‌ಕೋಡಿನಲ್ಲೂ ಬೆರೆತರೆ ನಿಂತ ತಟ್ಟೆಯೂ ತೆವಳುತ್ತಿದೆ ಎಂದು ಸಾಫ್ಟ್‌ವೇರ್ ತಿಳಿಯುತ್ತದೆ. ಆಡಿಯೋ ಟೆಕ್ನಿಕಾ ಎಲ್‌ಪಿ120ಯಂಥ ಟರ್ನ್‌ಟೇಬಲ್ಲುಗಳಲ್ಲಿ ಒಳಗೇ ಪ್ರಿಆಂಪ್ ಇದ್ದು ಹಿಂದೆ ಒಂದು ಸ್ವಿಚ್ ಇರುತ್ತದೆ. ಮಿಕ್ಸರಿನ ಫೋನೋ ಇನ್‌ಪುಟ್ಟಿಗೆ ಹಾಕುವುದಾದರೆ ಆ ಸ್ವಿಚ್ಚನ್ನು ಫೋನೋ ಕಡೆಗೇ ಇಡಿ. ಇಲ್ಲದಿದ್ದರೆ ಎರಡೂ ಕಡೆ ಹಿಗ್ಗಿದ ಶಬ್ದ ಒಡೆದು ಹೋಗುತ್ತದೆ.

ಒಳ್ಳೆಯ ಫೋನೋ ಇನ್‌ಪುಟ್ ಬೇಕೆಂದು ನಾನು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ನಮ್ಮ ಎಷ್ಟೋ ಮನೆಗಳ ಅಟ್ಟದಲ್ಲಿ ಎಚ್‌ಎಂವಿ ಹೊರತಂದ ಕನ್ನಡ ಚಿತ್ರಗೀತೆಗಳ ಇಪಿ, ಎಲ್‌ಪಿಗಳು ಇನ್ನೂ ಇವೆ. ಚಾನೆಲಿನ ಸ್ವಿಚ್ಚನ್ನು ಯುಎಸ್‌ಬಿಯಿಂದ ಫೋನೋಗೆ ಸರಿಸಿದರೆ ಸಾಕು, ಲ್ಯಾಪ್‌ಟಾಪಿನ ಹಾಡಿನ ಬೆನ್ನಿಗೇ ಅಪ್ಪನ ಕಾಲದ ತಟ್ಟೆಯನ್ನು ನುಡಿಸಬಹುದು. ಇಂಥ ಸ್ವಿಚ್ ಪ್ರತಿ ಚಾನೆಲಿಗೂ ಕೈಗೆ ಸಿಗುವ ಜಾಗದಲ್ಲೇ ಇರಬೇಕು. ಅರಗಿನ ಹಳೆಯ 78 ಆರ್‌ಪಿಎಂ ತಟ್ಟೆಗಳನ್ನು ಮಾತ್ರ ಈ ಸಾಲಿಗೆ ಸೇರಿಸಬೇಡಿ. ಅವುಗಳ ಗೆರೆ ಅಗಲ, ಅದಕ್ಕೆ ಬೇರೆ ಸೂಜಿಯೇ ಬೇಕು. ಕ್ಲಬ್ಬುಗಳಲ್ಲಿ ಹೆಚ್ಚಾಗಿ ಕಾಣುವ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2ರಲ್ಲಿ ಆ ವೇಗವೂ ಇಲ್ಲ.

ಸಾಫ್ಟ್‌ವೇರ್ ಒಪ್ಪುವ ಮಿಕ್ಸರ್ ಯಾವುದು

ಸೆರಾಟೊ ಎಲ್ಲ ಮಿಕ್ಸರುಗಳನ್ನೂ ಒಪ್ಪುವುದಿಲ್ಲ. ತನ್ನ ಪಟ್ಟಿಯಲ್ಲಿರುವ ಯಂತ್ರಗಳನ್ನು ಮಾತ್ರ ಗುರುತಿಸುತ್ತದೆ. ಆ ಪಟ್ಟಿಯಲ್ಲೂ ಎರಡು ಬಗೆ: ಕೆಲವು ಮಿಕ್ಸರುಗಳ ಜೊತೆ ಟೈಮ್‌ಕೋಡ್ ಪರವಾನಗಿ ಸೇರಿಯೇ ಬರುತ್ತದೆ, ಕೆಲವಕ್ಕೆ ಅದನ್ನು ಬೇರೆಯಾಗಿ ಕೊಳ್ಳಬೇಕು. ಬೆಲೆ ಹೋಲಿಸುವಾಗ ಪರವಾನಗಿ, ಎರಡು ಟೈಮ್‌ಕೋಡ್ ತಟ್ಟೆ, ಎರಡು ಕಾರ್ಟ್ರಿಜ್ ಇವಿಷ್ಟನ್ನೂ ಸೇರಿಸಿಯೇ ಲೆಕ್ಕ ಹಾಕಿ. ಪಯೋನಿಯರ್ ಡಿಜೆಯ ಡಿಜೆಎಂ-ಎಸ್9 ಮೂಲತಃ ಸೆರಾಟೊಗಾಗಿ ಬಂದದ್ದು. ಎರಡೇ ಚಾನೆಲಿನ ಸರಳ ಡಿಜೆಎಂ-250 ಎಂಕೆ2 ರೆಕಾರ್ಡ್‌ಬಾಕ್ಸ್ ಎಂಬ ಸಾಫ್ಟ್‌ವೇರ್ ಬಳಸುವವರ ಮೊದಲ ಮಿಕ್ಸರಿಗೆ ಒಪ್ಪುವಂಥದ್ದು.

ದುಡ್ಡು ಕಡಿಮೆಯಿರುವ ಕಲಿಯುವವರಿಗೆ ನನ್ನ ಸಲಹೆ ಮಿಕ್ಸ್ಎಕ್ಸ್. ಇದು ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಸಾಕಷ್ಟು ಚಾನೆಲ್ ಇರುವ ಯಾವ ಸೌಂಡ್ ಕಾರ್ಡಾದರೂ ಅದಕ್ಕೆ ಆದೀತು, ಸೆರಾಟೊ ತಟ್ಟೆಗಳ ಸಂಕೇತವನ್ನೂ ಟ್ರ್ಯಾಕ್ಟರ್ ಎಂಬ ಇನ್ನೊಂದು ಸಾಫ್ಟ್‌ವೇರಿನ ಮೊದಲ ಆವೃತ್ತಿಯ ತಟ್ಟೆಗಳ ಸಂಕೇತವನ್ನೂ ಓದುತ್ತದೆ. ಕೈ ಕುದುರುವ ತನಕ ಅದರಲ್ಲಿ ಕಲಿತರೆ ಮುಂದೆ ಯಾವ ಸಾಫ್ಟ್‌ವೇರಿಗೆ ಹಣ ಹಾಕಬೇಕು ಎಂಬುದು ನಿಮಗೇ ಗೊತ್ತಾಗುತ್ತದೆ.

ಸೌಂಡ್ ಕಾರ್ಡ್ ಇಲ್ಲದ ಹಳೆಯ ಅನಲಾಗ್ ಮಿಕ್ಸರ್ ಮನೆಯಲ್ಲೇ ಇದ್ದರೆ ಅದನ್ನು ಎಸೆಯಬೇಡಿ. ಅದರ ಮತ್ತು ಟರ್ನ್‌ಟೇಬಲ್ಲಿನ ನಡುವೆ ಡೆನನ್ ಡಿಎಸ್1 ಅಥವಾ ಪಯೋನಿಯರ್ ಇಂಟರ್‌ಫೇಸ್ 2ರಂಥ ಪೆಟ್ಟಿಗೆ ಇಟ್ಟರೆ ಅದೇ ಕೆಲಸವಾಗುತ್ತದೆ. ತಂತಿಗಳ ಗೋಜಲು ಹೆಚ್ಚು, ಅಷ್ಟೇ. ಅಲೆನ್ ಅಂಡ್ ಹೀತ್‌ನ ಝೋನ್ 92ನ್ನು ಅದರ ಫಿಲ್ಟರಿಗಾಗಿಯೇ ಪ್ರೀತಿಸುವವರು ಹೀಗೆ ಮಾಡುವುದುಂಟು.

ನಿಮ್ಮ ಕೈ ಏನು ಮಾಡುತ್ತದೆ?

ಸ್ಕ್ರ್ಯಾಚ್ ಮಾಡುವವರ ಮಿಕ್ಸರೂ ಹಾಡಿಗೆ ಹಾಡು ಬೆಸೆಯುವವರ ಮಿಕ್ಸರೂ ಬೇರೆ ಬೇರೆ. ಸ್ಕ್ರ್ಯಾಚಿಗೆಂದೇ ಮಾಡಿದ ಬ್ಯಾಟಲ್ ಮಿಕ್ಸರ್ ಸಾಮಾನ್ಯವಾಗಿ ಎರಡು ಚಾನೆಲಿನದು, ಹತ್ತು ಹನ್ನೊಂದು ಇಂಚು ಅಗಲ. ಎರಡು ತಟ್ಟೆಗಳು ಕೈಗೆ ಹತ್ತಿರವಿರಲಿ ಎಂದು ಈ ಕಿರಿದಾದ ಮೈ. ಕ್ರಾಸ್‌ಫೇಡರಿನ ಸುತ್ತ ಬೆರಳು ತಗಲುವಂಥ ಯಾವ ಗುಂಡಿಯೂ ಇರುವುದಿಲ್ಲ. ಹೌಸ್, ಟೆಕ್ನೋ ಅಥವಾ ಹಳೆಯ ಚಿತ್ರಗೀತೆಗಳನ್ನು ನಿಧಾನವಾಗಿ ಬೆಸೆಯುವವರಿಗೆ ಉದ್ದನೆಯ ಚಾನೆಲ್ ಫೇಡರ್, ಒಳ್ಳೆಯ ಇಕ್ಯು, ಬೇಕಾದರೆ ನಾಲ್ಕು ಚಾನೆಲ್ ಇರುವ ಕ್ಲಬ್ ಮಿಕ್ಸರ್ ಸರಿ.

ಕ್ರಾಸ್‌ಫೇಡರ್ ಬಗ್ಗೆ ತುಸು ಹೆಚ್ಚು ಹೇಳಬೇಕು, ಏಕೆಂದರೆ ಸ್ಕ್ರ್ಯಾಚ್ ಮಾಡುವವರ ಮಿಕ್ಸರಿನಲ್ಲಿ ಮೊದಲು ಸಾಯುವ ಭಾಗ ಅದೇ. ಹಳೆಯ ಬಗೆಯ ಫೇಡರಿನೊಳಗೆ ಇಂಗಾಲ ಲೇಪಿಸಿದ ಪಟ್ಟಿಯ ಮೇಲೆ ಲೋಹದ ನಾಲಿಗೆ ಉಜ್ಜುತ್ತಾ ಸರಿಯುತ್ತದೆ. ಧೂಳು ಕೂತಂತೆ, ಪಟ್ಟಿ ಸವೆದಂತೆ ಕರಕರ ಸದ್ದು ಶುರುವಾಗುತ್ತದೆ, ಆಮೇಲೆ ಮುಚ್ಚಿದ ಚಾನೆಲಿನ ಶಬ್ದ ಸೋರತೊಡಗುತ್ತದೆ. ಬೇಸಿಗೆಯ ಧೂಳಿನ ನಮ್ಮ ಊರುಗಳಲ್ಲಿ ಇದು ಬೇಗ ಆಗುತ್ತದೆ. ಉಜ್ಜದೇ ಕೆಲಸ ಮಾಡುವ ಫೇಡರುಗಳು ಇದಕ್ಕೆ ಉತ್ತರ. ರೇನ್ ಮಿಕ್ಸರುಗಳು ಮತ್ತು ಪಯೋನಿಯರ್‌ನ ಮ್ಯಾಗ್ವೆಲ್ ಆಯಸ್ಕಾಂತದ ನೆರವಿನಿಂದ ಫೇಡರ್ ಹಿಡಿಯ ಜಾಗವನ್ನು ಅರಿಯುತ್ತವೆ. ಇನ್ನೋಫೇಡರ್ ಎಂಬುದನ್ನು ಬೇರೆಯಾಗಿ ಕೊಂಡು ಹಲವು ಮಿಕ್ಸರುಗಳಿಗೆ ಅಳವಡಿಸಬಹುದು. ಸ್ಕ್ರ್ಯಾಚ್ ಕಲಿಯುವ ಆಸೆ ಸ್ವಲ್ಪವಾದರೂ ಇದ್ದರೆ ಎಫೆಕ್ಟುಗಳ ಹಣವನ್ನು ಉಳಿಸಿ ಈ ಫೇಡರಿಗೆ ಹಾಕಿ.

ಫೇಡರನ್ನು ಪರೀಕ್ಷಿಸುವುದು ಹೀಗೆ. ಒಂದು ಚಾನೆಲಿನಲ್ಲಿ ಹಾಡು ಬಿಟ್ಟು, ಫೇಡರನ್ನು ಇನ್ನೊಂದು ತುದಿಗೆ ಒತ್ತಿ ಇಡಿ. ಹೆಡ್‌ಫೋನಿನಲ್ಲಿ ಮಾಸ್ಟರ್ ಕೇಳಿ. ಸಂಪೂರ್ಣ ಮೌನ ಇರಬೇಕು. ಈಗ ತುದಿಯಿಂದ ಮೆಲ್ಲಗೆ ಸರಿಸಿ, ಎಷ್ಟು ದೂರಕ್ಕೆ ಶಬ್ದ ಪೂರ್ತಿ ತೆರೆಯುತ್ತದೆ ನೋಡಿ. ಕರ್ವ್ ಗುಂಡಿಯನ್ನು ತೀಕ್ಷ್ಣ ಕಡೆಗೆ ತಿರುಗಿಸಿದಾಗ ಒಂದೆರಡು ಮಿಲಿಮೀಟರಿನೊಳಗೇ ತೆರೆದರೆ ಸ್ಕ್ರ್ಯಾಚಿಗೆ ತಕ್ಕದ್ದು. ಫೇಡರಿನ ದಿಕ್ಕನ್ನು ಅದಲು ಬದಲು ಮಾಡುವ ರಿವರ್ಸ್ ಸ್ವಿಚ್ ಕೆಲವರ ಕೈಗೆ ಬಹಳ ಹಿತ. ಫೇಡರನ್ನು ನಾಲ್ಕು ತಿರುಪು ಬಿಚ್ಚಿ ಮನೆಯಲ್ಲೇ ಬದಲಿಸಬಹುದೇ, ಬಿಡಿಭಾಗ ಭಾರತದಲ್ಲಿ ಸಿಗುತ್ತದೆಯೇ ಎಂದೂ ವಿಚಾರಿಸಿ.

ಇಕ್ಯುನಲ್ಲಿ ಮೂರು ಗುಂಡಿ ಸಾಕು. ಪೂರ್ತಿ ಎಡಕ್ಕೆ ತಿರುಗಿಸಿದಾಗ ಮಂದ್ರ ಸಂಪೂರ್ಣ ಮಾಯವಾಗುತ್ತದೆಯೋ, ಬರೀ ತಗ್ಗುತ್ತದೆಯೋ ಕೇಳಿ ನೋಡಿ. ಎರಡು ಹಾಡುಗಳ ಬಾಸ್ ಅದಲು ಬದಲು ಮಾಡುವವರಿಗೆ ಮೊದಲನೆಯದೇ ಬೇಕು. ಎಫೆಕ್ಟುಗಳು ಸಾಫ್ಟ್‌ವೇರಿನಲ್ಲೇ ಇರುತ್ತವೆ, ಅವಕ್ಕಾಗಿ ಬಜೆಟ್ ಹಿಗ್ಗಿಸಬೇಡಿ.

ಹೊರಹೋಗುವ ದಾರಿ, ವಿದ್ಯುತ್ತು

ಮದುವೆ ಮಂಟಪ, ಕಾಲೇಜು ಹಬ್ಬಗಳಲ್ಲಿ ನುಡಿಸುವವರಿಗೆ ಎಕ್ಸ್‌ಎಲ್‌ಆರ್ ಮಾಸ್ಟರ್ ಔಟ್‌ಪುಟ್ ಅತ್ಯಗತ್ಯ. ಉದ್ದ ತಂತಿಯಲ್ಲಿ ಹೊರಗಿನ ಗುಂಯ್ ಬೆರೆಯದಂತೆ ಅದು ತಡೆಯುತ್ತದೆ. ನಿಮ್ಮ ಪಕ್ಕದ ಸ್ಪೀಕರಿಗೆ ಬೂತ್ ಔಟ್‌ಪುಟ್ ಬೇರೆ ಗುಂಡಿಯೊಂದಿಗೆ ಇರಲಿ. ಕಾರ್ಯಕ್ರಮ ನಿಲ್ಲಿಸದೇ ಒಬ್ಬ ಡಿಜೆಯಿಂದ ಇನ್ನೊಬ್ಬರಿಗೆ ಲ್ಯಾಪ್‌ಟಾಪ್ ದಾಟಿಸಬೇಕಾದರೆ ಎರಡು ಯುಎಸ್‌ಬಿ ಕಿಂಡಿ ಬೇಕು. ಡಿಜೆಎಂ-ಎಸ್9, ರೇನ್ ಸೆವೆಂಟಿ ಟು ಎರಡರಲ್ಲೂ ಇದೆ. ಮನೆಯಲ್ಲೇ ನುಡಿಸುವವರಿಗೆ ಇದರ ಅಗತ್ಯವಿಲ್ಲ.

ಅಮೆರಿಕದಲ್ಲಿರುವ ನೆಂಟರಿಂದ ಮಿಕ್ಸರ್ ತರಿಸುವವರು ಅದರ ಬೆನ್ನಿನ ಮೇಲಿನ ವೋಲ್ಟೇಜ್ ಓದಿಸಿ ಕೇಳಿ. 120 ವೋಲ್ಟ್ ಎಂದಷ್ಟೇ ಬರೆದಿದ್ದರೆ ನಮ್ಮ 230 ವೋಲ್ಟ್‌ಗೆ ನೇರ ಹಾಕಿದ ಕ್ಷಣ ಸುಟ್ಟುಹೋಗುತ್ತದೆ. 100ರಿಂದ 240 ಎಂದಿದ್ದರೆ ಚಿಂತೆಯಿಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದಾಗ ಮಾತ್ರ ಗುಂಯ್‌ಗುಟ್ಟುತ್ತಿದ್ದರೆ ತಪ್ಪು ಮಿಕ್ಸರಿನದಲ್ಲ, ಅರ್ಥಿಂಗ್‌ನದು. ಮಿಕ್ಸರ್, ಲ್ಯಾಪ್‌ಟಾಪ್, ಸ್ಪೀಕರ್ ಎಲ್ಲವನ್ನೂ ಸರಿಯಾದ ಅರ್ಥಿಂಗ್ ಇರುವ ಒಂದೇ ಬೋರ್ಡಿಗೆ ಹಾಕಿ ನೋಡಿ. ಅರ್ಥ್ ಪಿನ್ ಕತ್ತರಿಸುವ ಉಪಾಯವನ್ನು ಯಾರು ಹೇಳಿದರೂ ಮಾಡಬೇಡಿ, ಅದು ಜೀವಕ್ಕೆ ಅಪಾಯ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ

ಯಂತ್ರ ಗಟ್ಟಿಯಾಗಿದ್ದರೂ ಅದರ ಡ್ರೈವರ್ ಸತ್ತಿರಬಹುದು. ಸ್ಕ್ರ್ಯಾಚ್ ಲೈವ್ ನಿಂತು ಸೆರಾಟೊ ಡಿಜೆ ಬಂದಾಗ ರೇನ್ ಎಸ್‌ಎಲ್1 ಪೆಟ್ಟಿಗೆ ಹೊಸದರ ಜೊತೆ ಸೇರಲೇ ಇಲ್ಲ. ನಿಮ್ಮ ಲ್ಯಾಪ್‌ಟಾಪಿನ ಈಗಿನ ವಿಂಡೋಸ್ ಅಥವಾ ಮ್ಯಾಕ್ ಆವೃತ್ತಿಗೆ ಆ ಮಿಕ್ಸರಿನ ಡ್ರೈವರ್ ಇದೆಯೇ ಎಂದು ತಯಾರಕರ ಪುಟದಲ್ಲಿ ನೋಡಿಕೊಂಡೇ ಮುಂಗಡ ಕೊಡಿ.

ನೋಡಲು ಹೋಗುವಾಗ ನಿಮ್ಮದೇ ಲ್ಯಾಪ್‌ಟಾಪ್, ಟೈಮ್‌ಕೋಡ್ ತಟ್ಟೆ, ಹೆಡ್‌ಫೋನ್ ಒಯ್ಯಿರಿ. ಎರಡು ಚಾನೆಲಿನಲ್ಲೂ ತಟ್ಟೆ ತಿರುಗಿಸಿ ಸಾಫ್ಟ್‌ವೇರಿನ ಸ್ಕೋಪ್ ತೆರೆಯಿರಿ. ಪರದೆಯ ಮೇಲೆ ದುಂಡನೆಯ ಬಳೆ ಕಾಣಬೇಕು. ಬಳೆಯ ಬದಲು ಬರೀ ಗೆರೆ ಕಂಡರೆ ಎಡ ಅಥವಾ ಬಲದ ಸಂಕೇತ ಬರುತ್ತಿಲ್ಲ: ಸೂಜಿ, ತಂತಿ, ಇನ್‌ಪುಟ್ ಮೂರನ್ನೂ ಅದಲು ಬದಲು ಮಾಡಿ ದೋಷ ಯಾವುದರ ಜೊತೆ ಸರಿಯುತ್ತದೆ ನೋಡಿ. ಇನ್‌ಪುಟ್ಟಿನಲ್ಲೇ ಉಳಿದರೆ ಆ ಮಿಕ್ಸರ್ ಬೇಡ. ಆಮೇಲೆ ಸಾಫ್ಟ್‌ವೇರಿನ ಆಡಿಯೋ ಬಫರನ್ನು 128 ಸ್ಯಾಂಪಲಿಗೆ ಇಳಿಸಿ. 44.1 ಕಿಲೋಹರ್ಟ್ಸಿನಲ್ಲಿ ಅದರ ವಿಳಂಬ ಸುಮಾರು 3 ಮಿಲಿಸೆಕೆಂಡ್, 512 ಇಟ್ಟರೆ 12ರ ಹತ್ತಿರ. ಸ್ಕ್ರ್ಯಾಚ್ ಮಾಡುವ ಕೈಗೆ ಈ ಅಂತರ ತಿಳಿಯುತ್ತದೆ. 128ರಲ್ಲಿ ಶಬ್ದ ಚಿಟಿಚಿಟಿ ಎಂದರೆ 256ಕ್ಕೆ ಏರಿಸಿ, ಅಲ್ಲೂ ನಿಲ್ಲದಿದ್ದರೆ ದೋಷ ಲ್ಯಾಪ್‌ಟಾಪಿನದೋ ಡ್ರೈವರಿನದೋ ಎಂದು ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿ.

ಮನೆಗೆ ತಂದ ಮೇಲೆ ಒಂದು ಕೆಲಸ ಉಳಿಯುತ್ತದೆ. ಕೋಣೆಯಲ್ಲಿ ಸ್ಪೀಕರ್ ಹಾಕಿ, ನಿಂತ ತಟ್ಟೆಯ ಮೇಲೆ ಸೂಜಿ ಇಟ್ಟು ಸಾಫ್ಟ್‌ವೇರಿನ ಥ್ರೆಶೋಲ್ಡ್ ಸರಿಹೊಂದಿಸಿ. ಸ್ಪೀಕರಿನ ಕಂಪನವನ್ನು ಸಾಫ್ಟ್‌ವೇರ್ ತಟ್ಟೆಯ ಚಲನೆಯೆಂದು ಎಣಿಸದ ಮಟ್ಟದಲ್ಲಿ ಅದನ್ನು ನಿಲ್ಲಿಸಬೇಕು. ಹೊಸ ಜಾಗಕ್ಕೆ ಹೋದಾಗಲೆಲ್ಲ ಕಾರ್ಯಕ್ರಮ ಶುರುವಾಗುವ ಮುಂಚೆ ಇದನ್ನು ಮತ್ತೆ ಮಾಡಿಕೊಳ್ಳಿ.