ಎತ್ತರಕ್ಕೆ ಹೆದರಬೇಡ, ಪಿನ್ನು ನೋಡು

ಪುಟ್ಟಿ,

ನಿಮ್ಮ ಡಿಪ್ಲೊಮಾ ಕಾಲೇಜಿನವರು ಬಿಡದಿಯ ವಂಡರ್‌ಲಾಗೆ ಹೊರಟಿದ್ದೀರಂತೆ. ನಿನ್ನಮ್ಮ ಫೋನ್ ಮಾಡಿ, "ಆ ತಲೆಕೆಳಗಾಗೋದನ್ನ ಮಾತ್ರ ಹತ್ತಬೇಡ ಅಂತ ನೀನೇ ಒಂದು ಮಾತು ಹೇಳಪ್ಪ, ನಿನ್ನ ಮಾತಾದ್ರೆ ಕೇಳ್ತಾಳೆ" ಅಂದಳು. ಕೇಳಬಾರದವನ ಹತ್ತಿರ ಕೇಳಿದ್ದಾಳೆ. ಮಲವಗೊಪ್ಪದಲ್ಲಿ ರೋಲರ್ ಕೋಸ್ಟರಿನ ಹುಚ್ಚಿರುವ ಮುದುಕ ನಾನೊಬ್ಬನೇ ಇರಬೇಕು. ಭದ್ರಾವತಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಕಾಲದಲ್ಲಿ ರಜೆ ಸಿಕ್ಕರೆ ಜೊತೆಯವರು ತಿರುಪತಿ, ಕಾಶಿ ಅಂತ ಹೊರಡುತ್ತಿದ್ದರು. ನಾನು ನಿನ್ನ ಅಜ್ಜಿಯನ್ನೂ ಎಳಕೊಂಡು ಮುಂಬಯಿಯ ಎಸ್ಸೆಲ್‌ವರ್ಲ್ಡ್, ಮದ್ರಾಸಿನ ಕಿಷ್ಕಿಂತಾ ಅಂತ ಓಡುತ್ತಿದ್ದೆ. ಹಾಗಾಗಿ ಹತ್ತಬೇಡ ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಹತ್ತು. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಅನ್ನುವುದನ್ನಷ್ಟೇ ತಿಳಿದುಕೊಂಡು ಹತ್ತು.

ಭಯ ಹೆಚ್ಚಿದ್ದ ಕಡೆ ಅಪಾಯವೂ ಹೆಚ್ಚು ಅಂತ ಎಲ್ಲರೂ ನಂಬಿದ್ದಾರೆ. ನಿನ್ನಮ್ಮನೂ ಅಷ್ಟೆ. ರೋಲರ್ ಕೋಸ್ಟರಿನ ಫೋಟೊ ನೋಡಿದರೇ ಅವಳಿಗೆ ಎದೆ ಡವಡವ ಅನ್ನುತ್ತದೆ. ಆದರೆ ಕೋಟೆ ಮಾರಿಕಾಂಬಾ ಜಾತ್ರೆ ಬಂತೆಂದರೆ ನಿನ್ನ ತಮ್ಮನ ಕೈಗೆ ಮಂಡಕ್ಕಿ ಪೊಟ್ಟಣ ಕೊಟ್ಟು, ಡ್ರ್ಯಾಗನ್ ಟ್ರೈನಿನಲ್ಲಿ ಕೂರಿಸಿ, ತಾನು ಬಳೆ ಅಂಗಡಿಯ ಕಡೆ ತಿರುಗುತ್ತಾಳೆ. ಆ ಟ್ರೈನ್ ಎರಡಾಳೆತ್ತರ ಕೂಡ ಇಲ್ಲ, ಅದಕ್ಕೇ ಅವಳಿಗೆ ಧೈರ್ಯ. ನಾನಾದರೆ ಮೊದಲು ಅದರ ಹಳಿಯ ಜೋಡಣೆ ಎಲ್ಲೆಲ್ಲಿದೆ ಅಂತ ಬಗ್ಗಿ ನೋಡುತ್ತೇನೆ.

ಜಾತ್ರೆಯ ಆಟಗಳ ಮೇಲೆ ನನಗೆ ಕೋಪವಿಲ್ಲ, ಪ್ರೀತಿಯೇ ಜಾಸ್ತಿ. ನಮ್ಮ ಕೋಟೆ ಮಾರಿಕಾಂಬೆಯದು ಎರಡು ವರ್ಷಕ್ಕೊಮ್ಮೆ, ಶಿರಸಿಯದೂ ಎರಡು ವರ್ಷಕ್ಕೆ, ಸಾಗರದ್ದು ಮೂರು ವರ್ಷಕ್ಕೆ. ಜಾಯಿಂಟ್ ವೀಲು, ಕೊಲಂಬಸ್ಸು, ಟೋರಾ ಟೋರಾ, ಬ್ರೇಕ್ ಡ್ಯಾನ್ಸು ಎಲ್ಲ ಲಾರಿಯ ಮೇಲೆ ತುಂಡುತುಂಡಾಗಿ ಬಂದು ಇಳಿಯುತ್ತವೆ. ಕಟ್ಟುವ ಹುಡುಗರು ಎಲ್ಲೆಲ್ಲಿಂದಲೋ ಬಂದವರು. ಅಷ್ಟು ಎತ್ತರದ ಚಕ್ರದ ಕಡ್ಡಿಗಳ ಮೇಲೆ ಬರಿಗಾಲಲ್ಲಿ ಹತ್ತಿ ಬೋಲ್ಟು ಬಿಗಿಯುವುದನ್ನು ನೋಡಿದರೆ ಅವರಿಗೆ ಕೈಮುಗಿಯಬೇಕು ಅನಿಸುತ್ತದೆ. ನಾವು ಕಾರ್ಖಾನೆಯಲ್ಲಿ ಒಂದು ಕ್ರೇನು ನಿಲ್ಲಿಸಲು ವಾರಗಟ್ಟಲೆ ತೆಗೆದುಕೊಳ್ಳುತ್ತಿದ್ದೆವು. ಇವರಿಗೆ ಅಷ್ಟು ಸಮಯ ಕೊಡುವವರು ಯಾರು? ದೇವಿ ಗದ್ದುಗೆಗೆ ಬರುವ ಹೊತ್ತಿಗೆ ಚಕ್ರ ತಿರುಗುತ್ತಿರಬೇಕು.

ಅದಕ್ಕೇ ಜಾತ್ರೆಯಲ್ಲಿ ಟಿಕೆಟ್ ತೆಗೆಯುವ ಮೊದಲು ಆಟದ ಸುತ್ತ ಒಂದು ಸಲ ನಡೆದು ಬಾ. ಕಣ್ಣು ಮೇಲೆ ಬೇಡ, ಕೆಳಗಿರಲಿ. ಕಬ್ಬಿಣದ ಚೌಕಟ್ಟಿನ ಅಡಿಯಲ್ಲಿ ಮರದ ದಿಮ್ಮಿ ಒತ್ತುಕೊಟ್ಟು ಮಟ್ಟ ಮಾಡಿರುತ್ತಾರೆ. ದಿಮ್ಮಿ ಗಟ್ಟಿಯಾಗಿ ಕೂತಿದೆಯಾ, ಆಟ ತಿರುಗುವಾಗ ಅಲ್ಲಾಡುತ್ತದಾ ನೋಡು. ಹಿಂದಿನ ರಾತ್ರಿ ಮಳೆ ಬಿದ್ದಿದ್ದರೆ ಇನ್ನೂ ಎಚ್ಚರ. ಜಾತ್ರೆಯ ಕಾಲಕ್ಕೆ ನಮ್ಮಲ್ಲಿ ಒಂದು ಮಳೆ ಬರುವುದು ಹೊಸದಲ್ಲ, ನೆನೆದ ಮಣ್ಣು ಕುಸಿಯಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಆಮೇಲೆ ಪಿನ್ನು ನೋಡು. ಒಂದು ತೋಳು ಇನ್ನೊಂದಕ್ಕೆ ಸೇರುವ ಕಡೆ ದಪ್ಪದೊಂದು ಪಿನ್ನಿರುತ್ತದೆ, ಅದು ಜಾರದ ಹಾಗೆ ತುದಿಯಲ್ಲಿ ಕ್ಲಿಪ್ಪಿರುತ್ತದೆ. ಕ್ಲಿಪ್ಪಿನ ಜಾಗದಲ್ಲಿ ಬೈಂಡಿಂಗ್ ವೈರೋ ಬಾಗಿಸಿದ ಮೊಳೆಯೋ ಕಂಡರೆ ಸುಮ್ಮನೆ ತಿರುಗಿ ಬಂದು ಮಿರ್ಚಿ ತಿನ್ನು. ಹೊಸ ಬಣ್ಣಕ್ಕೆ ಮರುಳಾಗಬೇಡ. ವೆಲ್ಡಿಂಗಿನ ಬಿರುಕು ಬಣ್ಣದಡಿ ಕಾಣುವುದಿಲ್ಲ. ತುಕ್ಕಿನ ಸಣ್ಣ ಗೆರೆಯೊಂದು ಕಂಡರೆ ಅದು ಬಣ್ಣಕ್ಕಿಂತ ಹೆಚ್ಚು ನಿಜ ಹೇಳುತ್ತದೆ.

ಆಮೇಲೆ ಆಟ ನಡೆಸುವವನನ್ನು ನೋಡು. ಜಾಯಿಂಟ್ ವೀಲಿಗೆ ಜನ ತುಂಬುವಾಗ ಒಂದು ತೊಟ್ಟಿಲು ತುಂಬಿ, ಚಕ್ರ ತಿರುಗಿಸಿ, ಅದರ ಎದುರಿನದನ್ನು ತುಂಬುವವನು ಕೆಲಸ ಬಲ್ಲವನು. ಒಂದೇ ಕಡೆಯಿಂದ ಸಾಲಾಗಿ ತುಂಬಿಸುತ್ತಾ ಹೋಗುವವನಿಗೆ ತೂಕದ ಲೆಕ್ಕ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಬೇಸರ. ರಾತ್ರಿ ಹತ್ತು ದಾಟಿದ ಮೇಲೆ, ಜನ ನುಗ್ಗುವ ಹೊತ್ತಿನಲ್ಲಿ, ಒಳ್ಳೆಯವನೂ ಅವಸರಕ್ಕೆ ಬೀಳುತ್ತಾನೆ. ಬಾಗಿಲ ಚಿಲಕ ಎಳೆದು ನೋಡುವುದು ತಪ್ಪುವುದು ಆಗಲೇ. ಸಂಜೆಯೇ ಹೋಗು. ಜಡೆ ಕಟ್ಟಿಕೊ, ಬರೀ ಕಟ್ಟಿದರೆ ಸಾಲದು, ಸುತ್ತಿ ಮೇಲಕ್ಕೆ ಸಿಗಿಸಿಕೊ. ದುಪಟ್ಟಾ ಅಮ್ಮನ ಕೈಗೆ ಕೊಟ್ಟು ಹೋಗು. ಇದರಲ್ಲಿ ತಮಾಷೆ ಇಲ್ಲ ಪುಟ್ಟಿ, ತಿರುಗುವ ಶಾಫ್ಟಿಗೆ ಕೂದಲು ಯಾರದ್ದೆಂದು ಗೊತ್ತಾಗುವುದಿಲ್ಲ.

ಹಾಗಂತ ಕಾಯಂ ಆಗಿ ಕಾಂಕ್ರೀಟಿನಲ್ಲಿ ನಿಂತದ್ದೆಲ್ಲ ಭದ್ರ ಅಂತಲೂ ತಿಳಿಯಬೇಡ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಪಕ್ಕದ ಪಾರ್ಕಿನಲ್ಲಿ ಲೋಲಕದ ಹಾಗೆ ತೂಗುವ ಆಟವೊಂದು ಜನರ ಸಮೇತ ಮುರಿದುಬಿದ್ದು ಇಬ್ಬರು ತೀರಿಕೊಂಡರು. ಅದು ಜಾತ್ರೆಯದಲ್ಲ, ನಗರದ ನಡುವಿನದು. ನೋಡಿಕೊಳ್ಳುವ ಕೈ ಹೇಗಿದೆ ಅನ್ನುವುದೇ ಮುಖ್ಯ.

ಇನ್ನು ನಿನ್ನ ಬಿಡದಿಗೆ ಬರೋಣ. 2005ರಲ್ಲಿ ಶುರುವಾದ ಪಾರ್ಕದು. ಕೊಚೌಸೇಪ್ ಚಿಟ್ಟಿಲಪ್ಪಿಳ್ಳಿ ಅಂತ, ವಿ-ಗಾರ್ಡ್ ಸ್ಟೆಬಿಲೈಜರ್ ಮಾಡಿದವರು, ಅದಕ್ಕೂ ಮೊದಲು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಕಟ್ಟಿದ್ದರು. ಸ್ಟೆಬಿಲೈಜರ್ ಮಾಡುವವನಿಗೆ ಏರುಪೇರು ಸಂಭಾಳಿಸುವುದು ಗೊತ್ತಿರಲೇಬೇಕಲ್ಲ ಅಂತ ನಾನು ನಗಾಡುವುದುಂಟು. ಅಲ್ಲಿ ನಿನ್ನಮ್ಮ ಹೆದರುವ ಆಟದ ಹೆಸರು ರೀಕಾಯ್ಲ್. ನೆದರ್ಲೆಂಡ್ಸಿನ ವೆಕೊಮಾ ಕಂಪನಿಯ ಬೂಮರಾಂಗ್ ಮಾದರಿ. ಇದೇ ಮಾದರಿ ಜಗತ್ತಿನ ಎಷ್ಟೋ ದೇಶಗಳಲ್ಲಿ ಓಡುತ್ತಿದೆ, ಅದೇ ಅದರ ದೊಡ್ಡ ಗುಣ. ಎಲ್ಲಿ ಸವೆಯುತ್ತದೆ, ಯಾವ ಭಾಗ ಯಾವಾಗ ಬದಲಿಸಬೇಕು ಅನ್ನುವುದು ಹಳೆಯ ಮೆಷಿನ್ನಿನಲ್ಲೇ ಗೊತ್ತಾಗುವುದು. ಹೊಚ್ಚ ಹೊಸ ಮಾದರಿಯ ಮೊದಲ ವರ್ಷದ ಆಟಕ್ಕಿಂತ ಇಂಥದ್ದರಲ್ಲಿ ಕೂರಲು ನನಗೆ ಹೆಚ್ಚು ಧೈರ್ಯ.

ಕೂತ ಮೇಲೆ ಏನಾಗುತ್ತದೆ ಹೇಳುತ್ತೇನೆ, ಗೊತ್ತಿದ್ದರೆ ಮಜಾ ಕಡಿಮೆಯಾಗುವುದಿಲ್ಲ. ಗಾಡಿಯನ್ನು ಹಿಂದುಹಿಂದಾಗಿ ಇಳಿಜಾರಿನ ತುದಿಗೆ ಎಳೆಯುತ್ತಾರೆ. ನಿನ್ನ ಮುಖ ನೆಲದ ಕಡೆ, ಮೈಯ ಭಾರವೆಲ್ಲ ಭುಜದ ಪಟ್ಟಿಯ ಮೇಲೆ. ಕೈ ಬಿಟ್ಟರು ಅಂದರೆ ಮೂರು ಕಡೆ ತಲೆಕೆಳಗಾಗಿ, ಎದುರಿನ ಇಳಿಜಾರು ಏರುತ್ತದೆ. ಎತ್ತರ ಸುಮಾರು 35 ಮೀಟರ್. ನೀನು ಮೆಕ್ಯಾನಿಕಲ್ ಓದುವವಳು, ಎರಡು ಜಿ ಎಚ್‌ನ ವರ್ಗಮೂಲ ತೆಗೆದು ನೋಡು: ಗಂಟೆಗೆ 94 ಕಿಲೋಮೀಟರ್ ಬರುತ್ತದೆ. ಈ ಮಾದರಿಯ ನಿಜವಾದ ವೇಗ ಸುಮಾರು 75. ಉಳಿದದ್ದು ಎಲ್ಲಿ ಹೋಯಿತು? ಗಾಳಿ, ಚಕ್ರ, ಬೇರಿಂಗು ಒಂದಿಷ್ಟು ತಿಂದವು. ಗಾಡಿ ಉದ್ದವಾದ್ದರಿಂದ ಅದರ ನಡುಭಾಗ ಅಷ್ಟೂ ಎತ್ತರದಿಂದ ಬೀಳುವುದೂ ಇಲ್ಲ. ಗಾಳಿ, ಚಕ್ರ ತಿಂದದ್ದಕ್ಕೇ ಎದುರಿನ ಇಳಿಜಾರಿನ ತುದಿಯವರೆಗೆ ಗಾಡಿ ತಾನಾಗಿ ಹೋಗಲಾರದು, ನಡುವೆ ಚೈನು ಹಿಡಿದು ಮೇಲೆಳೆಯುತ್ತದೆ. ಅಲ್ಲಿಂದ ಬಿಟ್ಟರೆ ಅದೇ ಮೂರು ಸುತ್ತು, ಈ ಸಲ ಹಿಂದುಹಿಂದಾಗಿ. ಹೋಗುವಾಗ ಮುಂದಿನ ಸಾಲಿನವರು ರಾಜರು. ಬರುವಾಗ ಕೊನೆಯ ಸಾಲಿನವರು ಮುಂದಾಳುಗಳು. ನನ್ನ ಓಟು ಕೊನೆಯ ಸಾಲಿಗೆ. ಅಲ್ಲಿ ಎಳೆತ ಹೆಚ್ಚು, ಕ್ಯೂ ಕಡಿಮೆ.

ಬೀಳುವುದಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಹಳಿಯ ಮೇಲೊಂದು ಚಕ್ರ, ಪಕ್ಕಕ್ಕೊಂದು, ಅಡಿಗೊಂದು. ಮೂರೂ ಸೇರಿ ಹಳಿಯನ್ನು ತಬ್ಬಿ ಹಿಡಿದಿರುತ್ತವೆ. ಆ ಅಡಿ ಚಕ್ರಕ್ಕೆ ಜಾನ್ ಮಿಲ್ಲರ್ ಅನ್ನುವ ಅಮೆರಿಕದವನು 1919ರಲ್ಲಿ ಪೇಟೆಂಟ್ ತೆಗೆದ. ಅದಾದ ಮೇಲೇ ಕೋಸ್ಟರುಗಳು ಕಡಿದಾಗಿ ಇಳಿಯಲು ಧೈರ್ಯ ಮಾಡಿದ್ದು. ಸುತ್ತಿನ ಆಕಾರವನ್ನೂ ಕೆಳಗೆ ನಿಂತು ನೋಡು. ಅದು ಬಳೆಯಂತೆ ದುಂಡಗಿರುವುದಿಲ್ಲ, ಮೇಲೆ ಕಿರಿದು, ಕೆಳಗೆ ಅಗಲ. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಫ್ಲಿಪ್ ಫ್ಲ್ಯಾಪ್ ಅಂತ ಪೂರ್ತಿ ದುಂಡನೆಯ ಸುತ್ತು ಕಟ್ಟಿದ್ದರು, ಕೂತವರ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ನೇರ ಹಳಿಯಿಂದ ಒಮ್ಮೆಲೇ ವೃತ್ತಕ್ಕೆ ನುಗ್ಗಿದರೆ ಹಾಗೆಯೇ ಆಗುವುದು. 1976ರಲ್ಲಿ ಜರ್ಮನಿಯ ಎಂಜಿನಿಯರ್ ವೆರ್ನರ್ ಸ್ಟೆಂಗೆಲ್ ತಿರುವು ನಿಧಾನವಾಗಿ ಬಿಗಿಯಾಗುತ್ತಾ ಹೋಗುವ ರೇಖೆಯನ್ನು ಕ್ಯಾಲಿಫೋರ್ನಿಯಾದ ಕೋಸ್ಟರಿನ ಸುತ್ತಿಗೆ ತಂದ. ನಮ್ಮೂರ ಪಕ್ಕದಲ್ಲೇ ಹೋಗುವ ಬೀರೂರು ಲೈನಿನ ರೈಲು ತಿರುವಿಗೆ ಬಂದಾಗ ನಿನ್ನ ಕಾಫಿ ಚೆಲ್ಲದಿರುವುದೂ ಆ ಜಾತಿಯ ರೇಖೆಯಿಂದಲೇ. ನಿಮ್ಮ ಮೇಷ್ಟ್ರನ್ನು ಕೇಳು, ಅಲ್ಲೇ ಕೆಳಗೆ ನಿಲ್ಲಿಸಿ ಪಾಠ ಮಾಡಿಸು.

ಈ ಆಟ ಹುಟ್ಟಿದ್ದು ಎಲ್ಲಿ ಗೊತ್ತಾ? ಒಂದು ಕವಲು ರಷ್ಯಾದ ಹಿಮದ ಜಾರುಬಂಡೆಗಳಲ್ಲಿ. ಇನ್ನೊಂದು ಕವಲು ನನಗೆ ಹೆಚ್ಚು ಇಷ್ಟ: ಅದು ಗಣಿಯಿಂದ ಬಂದದ್ದು. ಪೆನ್ಸಿಲ್ವೇನಿಯಾದ ಮಾಕ್ ಚಂಕ್ ಅನ್ನುವ ಊರಲ್ಲಿ 1827ರಿಂದ ಬೆಟ್ಟದ ಕಲ್ಲಿದ್ದಲು ಇಳಿಜಾರಿನ ಹಳಿಯ ಮೇಲೆ ತನ್ನ ಭಾರಕ್ಕೆ ತಾನೇ ಇಳಿದುಬರುತ್ತಿತ್ತು. ಖಾಲಿ ಗಾಡಿಯನ್ನು ಮೇಲೆಳೆಯುವ ಹೇಸರಗತ್ತೆಗಳು ಕೂಡ ಗಾಡಿಯಲ್ಲೇ ನಿಂತು ಕೆಳಗಿಳಿಯುತ್ತಿದ್ದವು. ಕಲ್ಲಿದ್ದಲಿಗೆ ಬೇರೆ ದಾರಿ ಆದ ಮೇಲೆ ಜನ ದುಡ್ಡು ಕೊಟ್ಟು ಅದೇ ಹಳಿಯ ಮೇಲೆ ಮಜಾಕ್ಕೆ ಕೂತರು. 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಕೋನಿ ಐಲೆಂಡಿನಲ್ಲಿ ಐದು ಸೆಂಟಿಗೆ ಒಂದು ಸವಾರಿ ಅಂತ ಇಟ್ಟ. ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್, ನಮ್ಮ ಬಿ.ಎಚ್. ರಸ್ತೆಯಲ್ಲಿ ಸಂಜೆ ಬಸ್ಸು ಹೋಗುವಷ್ಟು.

ಇದನ್ನು ಓದಿದ ದಿನ ನನಗೆ ಕೆಮ್ಮಣ್ಣುಗುಂಡಿ ನೆನಪಾಯಿತು. ಭದ್ರಾವತಿ ಕಾರ್ಖಾನೆ 1923ರಲ್ಲಿ ಕಬ್ಬಿಣ ಹರಿಸಲು ಶುರು ಮಾಡಿದ್ದು ಆ ಬೆಟ್ಟದ ಅದಿರಿನಿಂದಲೇ. ಅದಿರು ಬಕೆಟ್ಟುಗಳಲ್ಲಿ ರೋಪ್‌ವೇ ಮೇಲೆ ತೂಗಾಡುತ್ತಾ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಹಳಿಯ ಮೇಲೆ ಭದ್ರಾವತಿಗೆ ಬರುತ್ತಿತ್ತು. ಬೆಟ್ಟವಿತ್ತು, ಇಳಿಜಾರಿತ್ತು, ಹಳಿ ಇತ್ತು, ಅದನ್ನು ನೋಡಿಕೊಳ್ಳುವ ಫಿಟ್ಟರುಗಳೂ ಇದ್ದರು. ಆಟ ಕಟ್ಟುವವನೊಬ್ಬ ಹುಟ್ಟಲಿಲ್ಲ. ನಮ್ಮ ರಾಜ್ಯದ ಪಾರ್ಕುಗಳ ಮೇಲೆ ನನ್ನ ತಕರಾರೂ ಇದೇ. ಆಟಗಳನ್ನು ಹೊರಗಿನಿಂದ ತರಲಿ, ಬೇಡ ಅನ್ನುವುದಿಲ್ಲ. ಆದರೆ ಜೋಗದ ಪವರ್‌ಹೌಸು, ಶರಾವತಿ ಕಣಿವೆ, ಕೆಮ್ಮಣ್ಣುಗುಂಡಿಯ ಬಕೆಟ್ಟು ಇಂಥ ಕಥೆಗಳು ಕೈಗೆ ಸಿಗುವಲ್ಲೇ ಇದ್ದರೂ ಪ್ಲಾಸ್ಟಿಕ್ಕಿನ ಡೈನೊಸಾರ್ ನಿಲ್ಲಿಸಿ ಥೀಮ್ ಪಾರ್ಕ್ ಅನ್ನುತ್ತಾರಲ್ಲ, ಅದು ಸೋಮಾರಿತನ.

ಎತ್ತರದ ದಾಖಲೆಗಳ ಹಿಂದೆ ಬೀಳಬೇಡ. ನ್ಯೂಜೆರ್ಸಿಯ ಕಿಂಗ್ಡಾ ಕಾ 2005ರಲ್ಲಿ 139 ಮೀಟರಿನೊಂದಿಗೆ ಜಗತ್ತಿಗೇ ಎತ್ತರದ್ದಾಗಿತ್ತು. 2025ರಲ್ಲಿ ಸಿಡಿಮದ್ದಿಟ್ಟು ಕೆಡವಿದರು. ಕೋನಿ ಐಲೆಂಡಿನ ಮರದ ಕೋಸ್ಟರ್ ಸೈಕ್ಲೋನ್ 1927ರದ್ದು, ಎತ್ತರ 26 ಮೀಟರ್ ಅಷ್ಟೆ, ಇವತ್ತಿಗೂ ಜನ ಕ್ಯೂ ನಿಲ್ಲುತ್ತಾರೆ. ಅಬುಧಾಬಿಯಲ್ಲಿರುವ ನಿನ್ನ ಮಾವ ಅಲ್ಲಿನ ಫಾರ್ಮುಲಾ ರೊಸಾದಲ್ಲಿ ಗಂಟೆಗೆ 240 ಕಿಲೋಮೀಟರ್ ಹೋದೆ ಅಂತ ಬೀಗುತ್ತಾನೆ. ಏನು ಕಂಡೆ ಅಂತ ಕೇಳಿದರೆ ಕಣ್ಣಿಗೆ ಕೊಟ್ಟ ಕನ್ನಡಕ ಬಿಟ್ಟು ಬೇರೇನೂ ಹೇಳಲು ಬರುವುದಿಲ್ಲ ಅವನಿಗೆ.

ಗೆಳತಿಯರಲ್ಲಿ ಯಾರಾದರೂ ಬೇಡ ಅಂದರೆ ಎಳೆಯಬೇಡ. "ಏ ಪುಕ್ಕಲಿ" ಅಂತ ರೇಗಿಸಿ ಹತ್ತಿಸುವುದು ನಮ್ಮಲ್ಲಿ ಒಂದು ಕೆಟ್ಟ ಚಾಳಿ. ಅವಳಿಗೆ ಬೆನ್ನುನೋವಿರಬಹುದು, ಹೃದಯದ ತೊಂದರೆ ಇರಬಹುದು, ಎಲ್ಲರೆದುರು ಹೇಳಲು ಮನಸ್ಸಿಲ್ಲದಿರಬಹುದು. ಗೇಟಿನ ಬೋರ್ಡಿನಲ್ಲಿ ಬರೆದ ಬಿಪಿ, ಹೃದಯ, ಕುತ್ತಿಗೆ, ಗರ್ಭಿಣಿ ಅನ್ನುವ ಮಾತುಗಳು ಗೋಡೆಯ ಅಂದಕ್ಕಲ್ಲ. ನಾನೇ ಬಿಪಿ ಮಾತ್ರೆ ಶುರುವಾದ ಮೇಲೆ ಬೇಲಿಯ ಈಚೆ ನಿಂತು ನೋಡುವವನಾಗಿದ್ದೇನೆ, ಎಲ್ಲರ ಬ್ಯಾಗು ಹಿಡಿದುಕೊಂಡು. ಆ ಕೆಲಸಕ್ಕೂ ಒಬ್ಬರು ಬೇಕು.

ಭುಜದ ಪಟ್ಟಿ ಹಾಕಿದ ಮೇಲೆ ನೀನೇ ಒಂದು ಸಲ ಮೇಲಕ್ಕೆ ತಳ್ಳಿ ನೋಡು, ಆಮೇಲೆ ಅಲ್ಲಿಯ ಹುಡುಗ ಬಂದು ನೋಡುತ್ತಾನೆ. ತಲೆಯನ್ನು ಸೀಟಿಗೆ ಒತ್ತಿ ಇಟ್ಟುಕೊ, ಇಲ್ಲದಿದ್ದರೆ ಕಿವಿಗೆ ಪೆಟ್ಟು. ಫೋನು ಜೇಬಿನಲ್ಲೂ ಬೇಡ, ಲಾಕರಿನಲ್ಲಿಡು. ಆ ವೇಗದಲ್ಲಿ ಜಾರಿದ ಫೋನು ಕೆಳಗಿರುವವನ ತಲೆಗೆ ಕಲ್ಲೇ. ಒಣ ಆಟಗಳನ್ನು ಬೆಳಿಗ್ಗೆಯೇ ಮುಗಿಸು. ನೀರಿಗಿಳಿದ ಮೇಲೆ ಮತ್ತೆ ಬಟ್ಟೆ ಬದಲಿಸಿ ಬರುವ ಉತ್ಸಾಹ ಯಾರಿಗೂ ಉಳಿಯುವುದಿಲ್ಲ. ನೀರಿಗೆ ನೈಲಾನಿನಂಥ ಬಟ್ಟೆಯೇ ಆಗಬೇಕು, ಕಾಟನ್ ಒಳಗೆ ಬಿಡುವುದಿಲ್ಲ, ಮನೆಯಿಂದಲೇ ತೆಗೆದುಕೊಂಡು ಹೋಗು. ಬೆಳಿಗ್ಗೆ ಎರಡು ಇಡ್ಲಿ ಸಾಕು, ಮಸಾಲೆದೋಸೆ ವಾಪಸು ಬರುವಾಗ ತಿನ್ನು. ಶನಿವಾರ, ಭಾನುವಾರ ಬಿಟ್ಟು ಹೋದರೆ ಟಿಕೆಟ್ಟೂ ಅಗ್ಗ, ಕ್ಯೂವೂ ಚಿಕ್ಕದು. ನಿಮ್ಮ ಮೇಷ್ಟ್ರು ಭಾನುವಾರ ಅಂದಿದ್ದರೆ ಇನ್ನೂ ಸಮಯವಿದೆ, ಬದಲಿಸಲು ಹೇಳು. ವಿದ್ಯಾರ್ಥಿಗಳಿಗೆ ರಿಯಾಯಿತಿಯೂ ಇದೆ, ಕಾಲೇಜಿನ ಐಡಿ ಕಾರ್ಡ್ ಮರೆಯಬೇಡ. ನಿನ್ನಮ್ಮನಿಗೆ ನಾನು ಹೇಳಿಕೊಳ್ಳುತ್ತೇನೆ.