ಹೊಸ ಬೋರ್‌ವೆಲ್‌ಗೆ ಮುನ್ನ ಒಂದು ಮಳೆಗಾಲ

ಹಾನಗಲ್ಲಿನ ಪಡುವಣ ಭಾಗ ಮಲೆನಾಡಿನ ಸೆರಗು. ಅಲ್ಲಿಂದ ಬಂಕಾಪುರ, ಸವಣೂರಿನತ್ತ ಬಂದಂತೆ ಮಳೆ ತೆಳುವಾಗುತ್ತದೆ. ಆದರೂ ಒಮ್ಮೆ ಲೆಕ್ಕ ಹಾಕಿ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 700 ಮಿ.ಮೀ. ಎಂದಿಟ್ಟುಕೊಂಡರೆ 50 ಚದರ ಮೀಟರಿನ ತಗಡಿನ ಮೇಲೆ ಬೀಳುವುದು 35,000 ಲೀಟರ್. ಐದರಲ್ಲೊಂದು ಪಾಲು ಪೋಲಾದರೂ 28,000 ಲೀಟರ್ ಕೈಗೆ ಸಿಗುತ್ತದೆ.

ಮೊದಲು ಮನೆಯ ಮಾಡು. ಅಂಚಿಗೆ ದೋಣಿ ಕಟ್ಟಿ ಪೈಪಿಗೆ ಇಳಿಸಿ. ಮೊದಲ ಮಳೆಯ ನೀರು ಧೂಳು, ಹಕ್ಕಿ ಹಿಕ್ಕೆ ಹೊತ್ತು ಬರುವುದರಿಂದ ಅದನ್ನು ಹೊರಗೆ ಬಿಡಿ. ಆಮೇಲಿನದನ್ನು ಉಸುಕು, ಕಡಿ ತುಂಬಿದ ಡ್ರಮ್ಮಿನಲ್ಲಿ ಸೋಸಿ, ಬೆಳಕು ಬೀಳದ ತೊಟ್ಟಿಗೆ ಹಾಯಿಸಿ. ಕುಡಿಯುವುದಾದರೆ ಕಾಯಿಸಿ.

ಹೊಲದಲ್ಲಿ ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ತಗ್ಗಿನ ಮೂಲೆಯಲ್ಲಿ ಹೊಂಡ ತೋಡಿ. ಎರೆ ಮಣ್ಣಿನ ಹೊಂಡ ನೀರು ಹಿಡಿದಿಡುತ್ತದೆ. ಮಸಾರಿಯಲ್ಲಿ ನೀರು ನಿಲ್ಲಬೇಕೆಂದರೆ ಪ್ಲಾಸ್ಟಿಕ್ ಹಾಳೆ ಹಾಸಲೇಬೇಕು. ಪಕ್ಕದ ಕಲಘಟಗಿ ತಾಲ್ಲೂಕಿನ ಸೂರಶೆಟ್ಟಿಕೊಪ್ಪದಲ್ಲಿ ಬೈಫ್ ಸಂಸ್ಥೆ ಸಾಲು ಹೊಂಡಗಳನ್ನು ಮಾಡಿಸಿದೆ. ಮೇಲಿನದು ತುಂಬಿದರೆ ಕೆಳಗಿನದಕ್ಕೆ ನೀರು. ಅಕ್ಕಪಕ್ಕದ ಹೊಲದವರು ಒಪ್ಪಿದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಪ್ಪಿಸುವುದೇ ಕಷ್ಟ, ಬಿಡಿ.

ಇನ್ನು ಬತ್ತಿದ ಬೋರ್‌ವೆಲ್. ಮೊದಲು ಮೋಟಾರು ಎತ್ತಿಸಿ. ಕೇಸಿಂಗ್ ಪೈಪಿನ ಸುತ್ತ ಹತ್ತು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ಪೈಪಿನ ಕೆಳಭಾಗಕ್ಕೆ ಸಣ್ಣ ತೂತು ಹಾಕಿ ನೈಲಾನ್ ಜಾಳಿಗೆಯನ್ನು ಎರಡು-ಮೂರು ಸುತ್ತು ಬಿಗಿಯಿರಿ. ತಳಕ್ಕೆ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು, ಕಡಿ, ಕೊನೆಗೆ ಜಾಳಿಗೆ ಹಾಸಿ ಉಸುಕು. ಹಳ್ಳದ ಕೆಂಪು ನೀರನ್ನು ನೇರ ಬಿಟ್ಟರೆ ಬೋರ್‌ವೆಲ್ ಕೆಟ್ಟಂತೆಯೇ. ಅದಕ್ಕೇ ಮುಂದೊಂದು ಹೂಳುಗುಂಡಿ ಬೇಕು. ಕೆಸರು ಅಲ್ಲಿ ಕೂತು, ತಿಳಿ ನೀರಷ್ಟೇ ಒಳಗೆ ಬರಲಿ. ಗೊಬ್ಬರದ ತಿಪ್ಪೆ, ಬಚ್ಚಲು ನೀರು ಹಾಯುವ ಕಡೆ ಈ ಕೆಲಸ ಬೇಡ. ಅದೇ ಬೋರ್‌ವೆಲ್ ನೀರು ಕುಡಿಯುವವರು ಪೈಪಿಗೆ ತೂತು ಹಾಕದಿರುವುದೇ ವಾಸಿ; ಹತ್ತಿರದಲ್ಲಿ ಇಂಗುಗುಂಡಿ ಮಾಡಿದರೆ ಸಾಕು. ಮೇಲಿನ ಉಸುಕನ್ನು ವರ್ಷಕ್ಕೊಮ್ಮೆ ತೆಗೆದು ತೊಳೆಯಿರಿ.

ಊರಿನ ಕೆರೆಯ ಹೂಳು ತೆಗೆಸುವುದಕ್ಕಿಂತ ಮೊದಲು ಅದಕ್ಕೆ ನೀರು ಬರುವ ಕಾಲುವೆ ಬಿಡಿಸಬೇಕು. ಕಾಲುವೆ ಒತ್ತುವರಿಯಾಗಿದ್ದರೆ ಎಷ್ಟು ಆಳ ತೋಡಿದರೂ ಕೆರೆ ತುಂಬದು. ಗ್ರಾಮಸಭೆಯಲ್ಲಿ ಅದನ್ನೇ ಕೇಳಿ.

ಗುಂಡಿ, ಬದುಗಳ ಕೆಲಸ ಯುಗಾದಿಯಿಂದ ರೋಹಿಣಿ ಮಳೆಯೊಳಗೆ ಮುಗಿಯಲಿ. ಹೊಸ ಬೋರ್‌ವೆಲ್ ಕೊರೆಸುವ ಯೋಚನೆ ಇದ್ದವರು ಆ ಒಂದು ಮಳೆಗಾಲ ಕಾದು ನೋಡಿ.