ಹ್ಯಾಮ್ ರೇಡಿಯೋ: ಹೊಸಬರೊಡನೆ ಹಳಬರ ನಡವಳಿಕೆ

ಮನೆಯಲ್ಲೇ ಒಂದು ಸಣ್ಣ ಪ್ರೇಷಕ ಯಂತ್ರವನ್ನಿಟ್ಟುಕೊಂಡು, ಲಾಭದ ಆಸೆಯಿಲ್ಲದೆ, ಪರ ಊರಿನವರೊಡನೆಯೂ ಪರದೇಶದವರೊಡನೆಯೂ ರೇಡಿಯೋ ಅಲೆಗಳ ಮೂಲಕ ಮಾತನಾಡತಕ್ಕವರಿಗೆ ಹವ್ಯಾಸಿ ರೇಡಿಯೋಗಾರರು ಅಥವಾ ಹ್ಯಾಮ್‌ಗಳು ಎಂದು ಹೆಸರು. ನಮ್ಮ ಹೈದರಾಬಾದಿಗೂ ಈ ವಿದ್ಯೆಗೂ ಹತ್ತಿರದ ನಂಟುಂಟು. ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆ ೧೯೮೩ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ವಾಚನಾಲಯಕ್ಕೆ ಬರುವ ತರುಣರಲ್ಲಿ ಒಬ್ಬಿಬ್ಬರು, "ಇದಕ್ಕೆ ಪರೀಕ್ಷೆ ಕಟ್ಟಬಹುದೇನ್ರೀ?" ಎಂದು ಕೇಳುತ್ತಾರೆ. ಧಾರಾಳವಾಗಿ ಕಟ್ಟಬಹುದು. ೧೨ ವರ್ಷ ತುಂಬಿದ ಹುಡುಗನೂ ಕೂಡಬಹುದು. ಪರೀಕ್ಷೆಗೆ ಬೇಕಾದ ಪಾಠವೆಲ್ಲ ಪುಸ್ತಕಗಳಲ್ಲಿ ಸಿಕ್ಕುತ್ತದೆ. ಪುಸ್ತಕದಲ್ಲಿ ಅಷ್ಟಾಗಿ ಸಿಕ್ಕದ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತೇನೆ. ಪರವಾನಗಿ ಕೈಗೆ ಬಂದು ಮೊದಲ ಸಲ ಮೈಕು ಹಿಡಿದವನನ್ನು ಹಳಬರು ಹೇಗೆ ಬರಮಾಡಿಕೊಳ್ಳುತ್ತಾರೆ, ಹೇಗೆ ಬರಮಾಡಿಕೊಳ್ಳಬೇಕು ಎಂಬುದೇ ಆ ಸಂಗತಿ.

ಹ್ಯಾಮ್ ಎಂಬ ಹೆಸರೇ ಮೊದಲಿಗೆ ಒಂದು ಬೈಗುಳವಾಗಿತ್ತು. ಅಮೆರಿಕದ ತಂತಿ ಕಚೇರಿಗಳಲ್ಲಿ ನುರಿತ ನೌಕರರು, ಕೈ ಕುದುರದ ಹೊಸಬನನ್ನು ಹಾಗೆ ಕರೆದು ನಗುತ್ತಿದ್ದರು. ನಿಸ್ತಂತು ಬಂದಾಗ ಅದೇ ಮಾತನ್ನು ಹವ್ಯಾಸಿಗಳ ಮೇಲೆ ಎಸೆದರು. ಹವ್ಯಾಸಿಗಳು ಬೇಸರಪಡಲಿಲ್ಲ, ಅದನ್ನೇ ತಮ್ಮ ಹೆಸರನ್ನಾಗಿ ಇಟ್ಟುಕೊಂಡರು. ಹೊಸಬನನ್ನು ಅಣಕಿಸಿದ ಮಾತೇ ಒಂದು ಬಳಗದ ಹೆಸರಾದುದು ವಿಚಿತ್ರ. ಆದರೂ ಆ ಬಳಗದಲ್ಲಿ ಕೆಲವರಿಗೆ ಇಂದಿಗೂ ಈ ವಿಷಯ ನೆನಪಿದ್ದಂತೆ ಕಾಣುವುದಿಲ್ಲ.

ಪರೀಕ್ಷೆಯಲ್ಲಿ ರೇಡಿಯೋ ಶಾಸ್ತ್ರವನ್ನೂ ಕಾಯಿದೆಯನ್ನೂ ಕೇಳುತ್ತಾರೆ. ಓಮ್ ನಿಯಮ ಬರೆದು ಅಂಕ ಪಡೆಯಬಹುದು. ಆದರೆ ಗಾಳಿಯಲ್ಲಿ ಮಾತಾಡುವ ಕ್ರಮವನ್ನು ಗಾಳಿಯಲ್ಲೇ ಕಲಿಯಬೇಕು. ಮೊದಲು ಸಾಕಷ್ಟು ಹೊತ್ತು ಕಿವಿಗೊಟ್ಟು ಕೇಳುವುದು, ಆ ಸ್ಥಾನದಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುವುದು, ಬಳಿಕ "ಸಿ.ಕ್ಯು." ಎಂದು ಎಲ್ಲರಿಗೂ ಕೇಳುವಂತೆ ಕರೆದು, ತನ್ನ ಕರೆಗುರುತನ್ನು ಹೇಳಿ, ಸುಮ್ಮನೆ ಕಾಯುವುದು. ಹೊಸಬನಿಗೆ ಎದೆ ಹೊಡೆದುಕೊಳ್ಳುವುದು ಈ ಕಾಯುವ ಗಳಿಗೆಯಲ್ಲಿಯೇ. ಆತ ಪರೀಕ್ಷೆಗಾಗಿ ತಿಂಗಳುಗಟ್ಟಲೆ ರಾತ್ರಿ ಕೂತು ಓದಿದ್ದಾನೆ, ಸಂಬಳದಲ್ಲಿ ಮಿಗಿಸಿ ಯಂತ್ರ ಕೊಂಡಿದ್ದಾನೆ. ಉತ್ತರವೇ ಬಾರದಿದ್ದರೆ ಅಥವಾ ಬಂದ ಉತ್ತರ ಗದರಿಕೆಯಾಗಿದ್ದರೆ, ಯಂತ್ರವನ್ನು ಅಟ್ಟಕ್ಕೆ ಹಾಕಿಬಿಡುತ್ತಾನೆ. ಹಾಗೆ ಹೋದವನು ಹೋದನೆಂದು ಯಾರಿಗೂ ಗೊತ್ತಾಗುವುದಿಲ್ಲ. ಗಾಳಿಯಲ್ಲಿ ಒಂದು ದನಿ ಕಡಮೆಯಾಯಿತು, ಅಷ್ಟೆ.

ಇದನ್ನು ಹಿರಿಯರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ೧೯೨೮ರಲ್ಲಿ ಪಾಲ್ ಸೀಗಲ್ ಎಂಬ ಅಮೆರಿಕದ ಹವ್ಯಾಸಿ, ಹ್ಯಾಮ್‌ಗಳ ನಡತೆಗೆ ಆರು ಲಕ್ಷಣಗಳನ್ನು ಬರೆದಿಟ್ಟ. ಅದರಲ್ಲಿ ಸ್ನೇಹಪರತೆ ಎಂಬ ಲಕ್ಷಣವನ್ನು ವಿವರಿಸುವಾಗ ಆತ ದೊಡ್ಡ ಮಾತುಗಳನ್ನಾಡಲಿಲ್ಲ. ಕೇಳಿಕೊಂಡಾಗ ನಿಧಾನವಾಗಿ, ತಾಳ್ಮೆಯಿಂದ ಸಂಕೇತ ಕಳಿಸುವುದು, ಹೊಸಬನಿಗೆ ಸ್ನೇಹದಿಂದ ಬುದ್ಧಿ ಹೇಳುವುದು, ಇವನ್ನೇ ಮೊದಲು ಹೇಳಿದ್ದಾನೆ.

ನಿಧಾನವಾಗಿ ಕಳಿಸುವುದೆಂದರೇನು? ಮೋರ್ಸ್ ಸಂಕೇತದಲ್ಲಿ ನುರಿತವನು ನಿಮಿಷಕ್ಕೆ ೨೫ ಪದಗಳನ್ನು ಆರಾಮವಾಗಿ ಕಳಿಸುತ್ತಾನೆ. ಹೊಸಬನಿಗೆ ಐದೇ ಕಷ್ಟ. "ಕ್ಯು.ಆರ್.ಎಸ್." ಎಂಬ ಮೂರಕ್ಷರಕ್ಕೆ "ದಯವಿಟ್ಟು ನಿಧಾನಿಸಿ" ಎಂದರ್ಥ. ಒಳ್ಳೆಯ ಹಳಬ ಅದನ್ನು ಕೇಳಿಸಿಕೊಳ್ಳುವ ತನಕವೂ ಕಾಯುವುದಿಲ್ಲ. ಕರೆದವನ ವೇಗ ಎಷ್ಟೋ ಅಷ್ಟರಲ್ಲಿಯೇ ಉತ್ತರ ಕೊಡುತ್ತಾನೆ. ಇದರಲ್ಲೂ ಒಂದು ಹದವಿದೆ. ಒಂದೊಂದು ಅಕ್ಷರವನ್ನೂ ಎಳೆದೆಳೆದು ಕಳಿಸಿದರೆ ಅದರ ಲಯ ಕೆಟ್ಟು ಕಲಿಯುವವನು ಚುಕ್ಕೆ-ಗೆರೆ ಎಣಿಸಲು ತೊಡಗುತ್ತಾನೆ. ಆದುದರಿಂದ ಅಕ್ಷರವನ್ನು ಸಹಜ ವೇಗದಲ್ಲಿಯೇ ಕಳಿಸಿ, ಅಕ್ಷರಗಳ ನಡುವಿನ ಬಿಡುವನ್ನು ಮಾತ್ರ ಹೆಚ್ಚಿಸಬೇಕು. ಗಿರಣಿಯಲ್ಲಿ ಹರಿದ ಎಳೆಗೆ ಗಂಟು ಹಾಕಲು ಕಲಿಸುವ ಹಳೆಯ ಕೈಯೂ ಹೀಗೆಯೇ ಮಾಡುತ್ತದೆ: ಗಂಟನ್ನು ಸರಕ್ಕನೆ ಹಾಕಿ, ಮುಂದಿನ ಗಂಟಿಗೆ ಮೊದಲು ತುಸು ತಡೆಯುತ್ತದೆ. ನೋಡುವವನಿಗೆ ಆ ತಡೆಯುವಿಕೆಯೇ ಪಾಠ.

ಇನ್ನು ತಪ್ಪು ತಿದ್ದುವ ವಿಚಾರ. ಸಂಪರ್ಕವಾದೊಡನೆ ಪರಸ್ಪರ ದನಿಯ ಗುಣವನ್ನು ಅಂಕಿಯಲ್ಲಿ ಹೇಳುವ ಪದ್ಧತಿಯಿದೆ. ಮಾತಿನ ಸ್ಪಷ್ಟತೆಗೆ ೧ರಿಂದ ೫, ಬಲಕ್ಕೆ ೧ರಿಂದ ೯. ಎಲ್ಲ ಸರಿಯಿದ್ದರೆ "೫೯". ಬಹುಮಂದಿ ಹಳಬರು ದಾಕ್ಷಿಣ್ಯಕ್ಕೆ ಬಿದ್ದು ಎಲ್ಲರಿಗೂ ೫೯ ಕೊಟ್ಟುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ಗದರುವುದಕ್ಕಿಂತ ಹೆಚ್ಚು ಮೇಲೇನಲ್ಲ. ಹೊಸಬನ ದನಿ ಒಡೆಯುತ್ತಿದ್ದರೆ ಅದು ಅವನಿಗೆ ತಿಳಿಯುವ ಬಗೆಯೇ ಇಲ್ಲ. ತನ್ನ ದನಿ ದೂರದಲ್ಲಿ ಹೇಗೆ ಕೇಳಿಸುತ್ತದೆಂದು ಅವನು ತಾನೇ ಕೇಳಲಾರ. ಇನ್ನೊಬ್ಬರು ಹೇಳಿದರೆ ಉಂಟು. "ತಮ್ಮಾ, ಮೈಕು ಬಾಯಿಂದ ನಾಲ್ಕು ಬೆರಳು ದೂರ ಹಿಡಿ, ಮಾತು ಒಡೀತದೆ. ಹ್ಞಾಂ, ಈಗ ಸರಿಹೋಯ್ತು ನೋಡು" ಎಂದರೆ ಕೆಲಸ ಮುಗಿಯಿತು. ದೊಡ್ಡ ತಪ್ಪಾದರೆ ನಾಲ್ಕು ಜನ ಕೇಳುವಲ್ಲಿ ಹೇಳದೆ, ಆಮೇಲೆ ಫೋನಿನಲ್ಲಿಯೋ ಎದುರು ಕಂಡಾಗಲೋ ಹೇಳುವುದು ವಾಡಿಕೆ. ಕರೆಗುರುತು ಹೇಳದೆ ಮಾತಾಡುವುದು, ವ್ಯಾಪಾರದ ಮಾತಾಡುವುದು ಮುಂತಾದವು ಕಾಯಿದೆಗೆ ವಿರುದ್ಧ. ಅಲ್ಲಿ ದಾಕ್ಷಿಣ್ಯ ಸಲ್ಲದು, ಆಗಲೇ ಹೇಳಬೇಕು.

ಗದ್ದಲವೆಲ್ಲ ಕಾಣಿಸುವುದು ಅಪರೂಪದ ನಿಲ್ದಾಣವೊಂದು ಗಾಳಿಗೆ ಬಂದಾಗ. ಯಾವುದೋ ದ್ವೀಪದಿಂದ ಒಬ್ಬರು ಕರೆದರೆ ಸಾವಿರ ಜನ ಒಮ್ಮೆಲೇ ಮುಗಿಬೀಳುತ್ತಾರೆ. ಆಗ ಆ ದ್ವೀಪದವರು ಒಂದು ಸ್ಥಾನದಲ್ಲಿ ಮಾತಾಡಿ, ಅದಕ್ಕಿಂತ ತುಸು ಮೇಲಿನ ಸ್ಥಾನದಲ್ಲಿ ಕಿವಿಗೊಡುತ್ತಾರೆ. ಇದನ್ನರಿಯದ ಹೊಸಬ ಅವರು ಮಾತಾಡುವ ಸ್ಥಾನದಲ್ಲಿಯೇ ಕರೆದುಬಿಡುತ್ತಾನೆ. ಒಡನೆಯೇ ಹತ್ತಾರು ಹಳಬರು "ಮೇಲೆ, ಮೇಲೆ" ಎಂದು ಅದೇ ಸ್ಥಾನದಲ್ಲಿ ಕೂಗುತ್ತಾರೆ, ಕೆಲವರು ಬೈಯುತ್ತಾರೆ. ಹೊಸಬನು ಕೆಡಿಸಿದ್ದು ಎರಡು ಸೆಕೆಂಡು. ಇವರು ಕೂಗಿ ಕೆಡಿಸಿದ್ದು ಎರಡು ನಿಮಿಷ. ಇಂಥವರಿಗೆ ಹ್ಯಾಮ್‌ಗಳೇ "ಪೊಲೀಸರು" ಎಂದು ಅಡ್ಡಹೆಸರಿಟ್ಟಿದ್ದಾರೆ. ಬಲ್ಲವನು ಇಂಥಲ್ಲಿ ಬಾಯಿ ಮುಚ್ಚಿಕೊಂಡಿರುತ್ತಾನೆ.

ಮತ್ತೊಂದು ಪಂಕ್ತಿಭೇದವೂ ಇತ್ತು, ಪೂರ್ತಿ ಹೋಗಿದೆ ಎನ್ನುವಂತಿಲ್ಲ. ನಮ್ಮಲ್ಲಿ ಹಿಂದೆ ಮೇಲಿನ ದರ್ಜೆಯ ಪರವಾನಗಿಗೆ ನಿಮಿಷಕ್ಕೆ ೧೨ ಪದ, ಕೆಳಗಿನದಕ್ಕೆ ೫ ಪದ ಮೋರ್ಸ್ ಬರಬೇಕಾಗಿತ್ತು. ನಂತರ ಮೋರ್ಸ್ ಬೇಡದ ದರ್ಜೆ ಬಂತು, ಅವರ ಕರೆಗುರುತು "ವಿ.ಯು.೩" ಎಂದು ಆರಂಭವಾಗುತ್ತದೆ, ಮೇಲಿನವರದು "ವಿ.ಯು.೨" ಎಂದು. ಲೋಕದ ರಾಷ್ಟ್ರಗಳು ೨೦೦೩ರಲ್ಲಿ ಕೂಡಿ, ಮೋರ್ಸ್ ಕಡ್ಡಾಯವೋ ಅಲ್ಲವೋ ಎಂಬುದನ್ನು ಆಯಾ ದೇಶಕ್ಕೆ ಬಿಟ್ಟುಕೊಟ್ಟವು. ಅಮೆರಿಕ ೨೦೦೭ರಲ್ಲಿ ಅದನ್ನು ಪೂರ್ತಿ ಕೈಬಿಟ್ಟಿತು. ಅಲ್ಲಿ ಕೆಲವು ಹಳಬರು "ಸಂಕೇತ ಬಾರದವನು ಎಂಥ ಹ್ಯಾಮ್?" ಎಂದು ವರ್ಷಗಟ್ಟಲೆ ಮೂಗು ಮುರಿದರು. ತಾವು ಪಟ್ಟ ಕಷ್ಟವನ್ನು ಹಿಂದಿನಿಂದ ಬಂದವನೂ ಪಡಲಿ ಎಂಬ ಗುಣ ಕಚೇರಿಗಳಲ್ಲಿಯೂ ಇಲ್ಲದಿಲ್ಲ.

ಹೊಸಬರನ್ನು ಉಳಿಸಿಕೊಳ್ಳುವುದು ಏಕೆ ಬೇಕೆಂಬುದಕ್ಕೆ ೨೦೦೪ರ ಡಿಸೆಂಬರನ್ನು ನೆನೆಯಬೇಕು. ಭಾರತಿ ಪ್ರಸಾದ್ ಎಂಬವರು ಹೈದರಾಬಾದಿನ ಇದೇ ಸಂಸ್ಥೆಯ ತಂಡದೊಂದಿಗೆ ಅಂಡಮಾನಿಗೆ ಹೋಗಿ, ಪೋರ್ಟ್ ಬ್ಲೇರಿನಿಂದ "ವಿ.ಯು.೪ ಆರ್.ಬಿ.ಐ." ಎಂಬ ಕರೆಗುರುತಿನಲ್ಲಿ ಮಾತಾಡುತ್ತಿದ್ದರು. ಮೇಲೆ ಹೇಳಿದ ಮುಗಿಬೀಳುವಿಕೆ ಅವರಿಗೂ ಆಗಿತ್ತು. ೨೬ರ ಬೆಳಿಗ್ಗೆ ಭೂಕಂಪ, ಹಿಂದೆಯೇ ಸುನಾಮಿ. ಟೆಲಿಫೋನು, ವಿದ್ಯುತ್ತು ಕೆಟ್ಟುನಿಂತವು. ವಿನೋದಕ್ಕೆ ಒಯ್ದಿದ್ದ ಯಂತ್ರವೇ ದ್ವೀಪದವರ ಕ್ಷೇಮ ಸಮಾಚಾರವನ್ನು ದೇಶಕ್ಕೆ ಮುಟ್ಟಿಸುವ ಸಾಧನವಾಯಿತು. ಆದರೆ ಆ ಕಡೆಯಿಂದ ಒಬ್ಬರು ಹೇಳಿದರೆ ಸಾಲದು. ಈ ಕಡೆ ಕೇಳಿ, ಹೆಸರನ್ನು ಅಕ್ಷರ ತಪ್ಪದೆ ಬರೆದುಕೊಂಡು, ಮನೆಯವರಿಗೆ ತಿಳಿಸುವವರು ಬೇಕು. ಇದು ಒಂದೇ ದಿನದಲ್ಲಿ ಬರುವ ಕೆಲಸವಲ್ಲ. ಮೊದಲ ಕರೆಗೆ ಯಾರೋ ಉತ್ತರಿಸಿ, ಕೂರಿಸಿ ಕಲಿಸಿದವರಿಗೇ ಬರುವುದು.

ಹಾಗೆ ಕಲಿಸುವ ಹಿರಿಯನಿಗೆ ಹ್ಯಾಮ್‌ಗಳ ಭಾಷೆಯಲ್ಲಿ "ಎಲ್ಮರ್" ಎಂದು ಹೆಸರು. ಎಲ್ಮರ್ ಫ್ರೋಹಾರ್ಟ್ ಎಂಬ ಒಬ್ಬ ನಿಜವಾದ ಮನುಷ್ಯ ಅನೇಕರನ್ನು ಈ ಹವ್ಯಾಸಕ್ಕೆ ತಂದಿದ್ದ. ೧೯೭೧ರಲ್ಲಿ ಕ್ಯು.ಎಸ್.ಟಿ. ಪತ್ರಿಕೆಯಲ್ಲಿ ಅವನ ವಿಷಯ ಬಂದ ಮೇಲೆ ಅವನ ಹೆಸರು ಎಲ್ಲ ಗುರುಗಳ ಹೆಸರಾಯಿತು. ಇನ್ನೊಂದು ಪದ್ಧತಿ ನನಗೆ ಬಹಳ ಹಿಡಿಸಿತು. ಇವರು ಗಂಡಸರನ್ನೆಲ್ಲ "ಓ.ಎಂ.", ಅಂದರೆ ಮುದುಕಪ್ಪ ಎಂದೇ ಕರೆಯುತ್ತಾರೆ. ೧೨ ವರ್ಷದ ಹುಡುಗನೂ ಓ.ಎಂ., ೮೦ರ ಅಜ್ಜನೂ ಓ.ಎಂ. ಹಾಗೆಯೇ ಅಜ್ಜಿಯಾದರೂ ಅವರ ಲೆಕ್ಕದಲ್ಲಿ "ವೈ.ಎಲ್.", ತರುಣಿ.

ನಮ್ಮ ಓದುಗರಲ್ಲಿ ಯಾರಾದರೂ ಪರೀಕ್ಷೆ ಮುಗಿಸಿದರೆ, ಇಂಗ್ಲಿಷ್ ಸರಾಗವಾಗಿ ಬಾರದೆಂದು ಅಂಜಬೇಕಾಗಿಲ್ಲ. ೪೦ ಮೀಟರ್ ಪಟ್ಟಿಯಲ್ಲಿ ಹಗಲು ಹೊತ್ತು ಹೈದರಾಬಾದಿನಿಂದ ಕರ್ನಾಟಕಕ್ಕೆ ದನಿ ಸಾಮಾನ್ಯವಾಗಿ ಮುಟ್ಟುತ್ತದೆ, ಅಲ್ಲಿ ಕನ್ನಡ ಮಾತಾಡುವ ಹಳಬರಿದ್ದಾರೆ. ಮೊದಲೇ "ನಾನು ಹೊಸಬ" ಎಂದು ಹೇಳಿಬಿಡಿ. ಉತ್ತರ ಬಾರದಿದ್ದರೆ ಅದನ್ನು ಅವಮಾನವೆಂದು ಎಣಿಸಬೇಡಿ. ಎಷ್ಟೋ ಸಲ ಅಲೆಗಳೇ ಆ ಹೊತ್ತಿಗೆ ಅತ್ತ ಮುಟ್ಟಿರುವುದಿಲ್ಲ. ಒಂದೆರಡು ನಿಮಿಷ ಬಿಟ್ಟು ಮತ್ತೆ ಕರೆಯಿರಿ. ಉತ್ತರ ಕೊಟ್ಟವರ ಕರೆಗುರುತು, ಹೆಸರು, ಊರು, ಹೊತ್ತು ಇವನ್ನು ದಾಖಲೆ ಪುಸ್ತಕದಲ್ಲಿ ಬರೆದುಕೊಂಡು, ಮುಗಿಸುವಾಗ "೭೩" ಎನ್ನಿರಿ. ಶುಭಾಶಯ ಎಂದು ಅದರ ಅರ್ಥ.